ಇಇಜಿಯ ಚೂಪು ಅಲೆಗಳೆಲ್ಲ ಮೂರ್ಛೆರೋಗವಲ್ಲ

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯ ರಿಪೋರ್ಟಿನಲ್ಲಿ ‘ಟೆಂಪೊರಲ್ ಶಾರ್ಪ್ ವೇವ್’ (ತಲೆಯ ಬದಿಯ, ಕಿವಿಯ ಮೇಲ್ಭಾಗದ ಚೂಪು ಅಲೆ) ಎಂದು ಕಂಡ ಕೂಡಲೇ ಮೂರ್ಛೆರೋಗದ ಮಾತ್ರೆ ಶುರು ಮಾಡುವ ಆತುರ ಬೇಡ. ಹೀಗೆ ದಾರಿ ತಪ್ಪಿಸುವುದರಲ್ಲಿ ವಿಕೆಟ್ ಎಂಬ ಅಪಾಯವಿಲ್ಲದ ಅಲೆಗಳು ಎತ್ತಿದ ಕೈ. ಹೆಚ್ಚಾಗಿ ಮೂವತ್ತು ದಾಟಿದವರಲ್ಲಿ, ತೂಕಡಿಕೆ ಹತ್ತುವಾಗ, ಆ ಜಾಗದಲ್ಲಿ ತಲೆಗೆ ಅಂಟಿಸಿದ ಟೆಂಪೊರಲ್ ಎಲೆಕ್ಟ್ರೋಡುಗಳಲ್ಲಿ ಸೆಕೆಂಡಿಗೆ 6ರಿಂದ 11ರ (ಹರ್ಟ್ಸ್) ವೇಗದಲ್ಲಿ ಕಮಾನು ಕಮಾನಾಗಿ ಏಳುತ್ತವೆ. ಸಾಲಾಗಿ ಬಂದರೆ ಗುರುತು ಸುಲಭ, ಒಂಟಿಯಾಗಿ ಎದ್ದಾಗಲೇ ಫಜೀತಿ. ಆ ಮೊನೆಯ ಬೆನ್ನಿಗೇ ನಿಧಾನದ ಅಲೆಯೊಂದು ಬಂತೇ? ಸುತ್ತಲಿನ ಲಯ ಕೆಟ್ಟಿತೇ? ಇವು ಮೂರ್ಛೆರೋಗದ ಸುಳಿವು. ಎರಡೂ ಇಲ್ಲವೆಂದರೆ ಅದೇ ರೆಕಾರ್ಡಿಂಗಿನಲ್ಲಿ ಹಿಂದೆ ಮುಂದೆ ಹುಡುಕಿ. ಅದೇ ಆಕಾರದ ಅಲೆಗಳ ಸಾಲು ಸಿಕ್ಕರೆ ಬಹುತೇಕ ವಿಕೆಟ್ಟೇ.

ಅಪಾಯವಿಲ್ಲದವುಗಳಲ್ಲಿ ಹಗುರ ನಿದ್ದೆಯ ಪುಟ್ಟ ಸ್ಪೈಕುಗಳದ್ದು (ಚೂಪು ಮೊನೆಗಳದ್ದು) ಇನ್ನೊಂದು ಬಗೆ: ಸಾಮಾನ್ಯವಾಗಿ 50 ಮೈಕ್ರೋವೋಲ್ಟಿಗಿಂತ ಕಡಿಮೆ, 50 ಮಿಲಿಸೆಕೆಂಡಿನೊಳಗೆ ಮುಗಿಯುತ್ತವೆ, ನಿದ್ದೆ ಗಾಢವಾದಂತೆ ಮಾಯ. ಮಕ್ಕಳಿಗೆ 3 ನಿಮಿಷ ಜೋರಾಗಿ ಉಸಿರಾಡಿಸಿದಾಗ ಬರುವ ದೊಡ್ಡ ನಿಧಾನದ ಅಲೆಗಳೂ ಸಹಜವೇ.

ನಿಜವಾದ ಎಡವಟ್ಟು ಆಗುವುದು ಅಲೆಯಿಂದಲ್ಲ, ಅವಸರದಿಂದ. ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಿದವರಿಗೂ ಇಇಜಿ ಮಾಡಿಸುತ್ತಾರೆ, ಒಂದು ವಿಕೆಟ್ ಸಿಗುತ್ತದೆ, ಅಲ್ಲಿಗೆ ಅಪಸ್ಮಾರದ ಹಣೆಪಟ್ಟಿ! ಬಿದ್ದದ್ದು ಹೇಗೆ, ಮೊದಲು ಕಣ್ಣು ಕತ್ತಲಿಟ್ಟಿತೇ, ಎಚ್ಚರವಾಗಲು ಎಷ್ಟು ಹೊತ್ತಾಯಿತು ಎಂಬುದನ್ನು ಕಣ್ಣಾರೆ ಕಂಡವರಿಂದ ಕೇಳಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟಿನ ಹಾಳೆಯಷ್ಟೇ ಅಲ್ಲ, ಮೂಲ ರೆಕಾರ್ಡಿಂಗನ್ನೇ ಒಯ್ಯಿರಿ. ಅಲ್ಲಿಯವರೆಗೆ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ಬಿಟ್ಟರೆ ಫಿಟ್ಸ್ ಬರಬಹುದು.