ಪತ್ತೆಮಾರಿ ಮಾದರಿ: ಒಡಲು ಮುಗಿಯಿತು, ಈಗ ಹಾಯಿ ಕೆಲಸ

ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಕಟ್ಟುತ್ತಿರುವ ಪತ್ತೆಮಾರಿಯ, ಅಂದರೆ ಪಡುವಣ ಕರಾವಳಿಯ ಹಳೆಯ ಹಾಯಿ ಸರಕು ಹಡಗಿನ, ಮಾದರಿಯ ಒಡಲು ಅಂತೂ ಮುಗಿಯಿತು. ಸುಮಾರು 75 ಅಡಿಯ ಹಡಗನ್ನು ಐವತ್ತರಲ್ಲಿ ಒಂದರ ಅಳತೆಗೆ ಇಳಿಸಿದ್ದೇನೆ. ಹಾಗಾಗಿ ಮಾದರಿ ಒಂದೂವರೆ ಅಡಿ ಉದ್ದ ಬಂದಿದೆ. ಹಲಗೆಗೆಲ್ಲ ಸಾಗವಾನಿ ಚೂರು. ಪೀಠೋಪಕರಣದ ಅಂಗಡಿಯವರು ಪ್ರೀತಿಯಿಂದ ಕೊಟ್ಟಿದ್ದು.

ಸಮುದ್ರವೇ ಇಲ್ಲದ ಊರಲ್ಲಿ ಹಡಗು ಯಾಕೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಹತ್ತಿಗಾಗಿ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಇಂಥ ಹಡಗುಗಳಲ್ಲಿ ಮುಂಬೈಗೆ, ಮುಂದೆ ಇಂಗ್ಲೆಂಡಿನ ಗಿರಣಿಗಳಿಗೆ. ಬೆಳೆದಿದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿಯದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಗಿರಣಿ ಊರಿನವನಾದ ನನಗೆ ಈ ಹಡಗು ದೂರದ್ದು ಅನ್ನಿಸುವುದೇ ಇಲ್ಲ.

ಕಾಲದ ಲೆಕ್ಕ ನೋಡಿ. ಆ ಜಾತಿಯ ಹತ್ತಿ ಬಿಡಿಸುವುದೇ ಫೆಬ್ರವರಿ ನಂತರ. ಜೂನ್ ಬಂದರೆ ಕಡಲು ಬಂದ್. ಮಳೆಗಾಲದಲ್ಲಿ ಹಡಗುಗಳನ್ನು ದಡಕ್ಕೆ ಎಳೆದು ತೆಂಗಿನ ಗರಿಯ ಮಾಡು ಹಾಕುತ್ತಿದ್ದರು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ, ಹಾಲು ಅರ್ಪಿಸಿ ಆಮೇಲೆ ಮತ್ತೆ ನೀರಿಗೆ. ಫೆಬ್ರವರಿಗೂ ಜೂನ್‌ಗೂ ನಡುವೆ ಸಿಗುವ ಎರಡು ಮೂರು ತಿಂಗಳಲ್ಲೇ ಬಿಡಿಸಿ, ಗಾಡಿ ಹೂಡಿ, ಘಟ್ಟ ಇಳಿಸಿ, ತುಂಬಿ ಕಳಿಸಬೇಕು. ತಡವಾದ ಹತ್ತಿ ಬಂದರಿನಲ್ಲೇ ಮಳೆಗಾಲ ಕಳೆಯಬೇಕಿತ್ತು. ರೈತ, ಗಾಡಿಯವ, ಹಡಗು ನಡೆಸುವ ತಂಡೇಲ, ಅವನ ಕೈಕೆಳಗಿನ ಖಲಾಸಿ ಎಲ್ಲರೂ ಒಂದೇ ಮೋಡಕ್ಕೆ ಹೆದರಿ ಓಡುತ್ತಿದ್ದರು ಅಲ್ವಾ?

ಅದಕ್ಕೇ ಒಂದು ಪಕ್ಕದ ನಾಲ್ಕು ಹಲಗೆ ಹಾಕದೆ ತೆರೆದೇ ಬಿಟ್ಟಿದ್ದೇನೆ. ಒಳಗೆ ಜೋಡಿಸಿದ ಅಂಡಿಗೆಗಳು, ಅಂದರೆ ಹತ್ತಿ ಮೂಟೆಗಳು, ಕಾಣಬೇಕು. ಗದಗದ ಕಡೆಯಿಂದ ನೆಂಟರು ತಂದುಕೊಟ್ಟ ಜಯಧರ ಹತ್ತಿಯನ್ನು ಗೋಣಿ ನೂಲಿನ ಬಟ್ಟೆಯಲ್ಲಿ ಸುತ್ತಿ ಬೆರಳ ತುದಿಯಷ್ಟು ಅಂಡಿಗೆ ಮಾಡಿದೆ. ಕುಮಟಾ ಹತ್ತಿಯ ಜಾತಿಯೇ ಅದು.

ಮಿಕ್ಕ ಹತ್ತಿ ಹಲಗೆಗಳ ಸಂದಿಗೆ ಹೋಯಿತು. ನಿಜವಾದ ಹಡಗಿನಲ್ಲಿ ಹತ್ತಿ ಹುರಿಯನ್ನು ಮೊಂಡು ಉಳಿಯಿಂದ ಸಂದಿಗೆ ಬಡಿದು ಮೇಲೆ ರಾಳ, ಎಣ್ಣೆ ಬಳಿಯುತ್ತಿದ್ದರು. ನೀರಿಗಿಳಿದ ಮೇಲೆ ಮರ ಉಬ್ಬಿ ಹುರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಮೊಂಡು ಸೂಜಿಯಿಂದ ತುರುಕುತ್ತಿದ್ದಾಗ ಪಕ್ಕದ ಮನೆ ಅಜ್ಜ ಬಂದರು. ಗಿರಣಿಯಲ್ಲೇ ಆಯುಷ್ಯ ಕಳೆದವರು. ಎಳೆ ಹಿಡಿದು ಎಳೆದು ನೋಡಿ, "ಇದರ ಎಳಿ ಗಿಡ್ಡ ಐತಿ ತಮ್ಮಾ, ಹುರಿ ಜಾಸ್ತಿ ಹಾಕ್ಬೇಕು" ಅಂದರು. ತೊಡೆಯ ಮೇಲೆ ಅಂಗೈ ಉಜ್ಜಿ ಹೊಸೆದು ತೋರಿಸಿದರು. ಅವರು ಹೊಸೆದ ಹುರಿ ಎಡಬದಿಯಲ್ಲಿ ಉದ್ದಕ್ಕೂ ಇದೆ. ಇಡೀ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದೇ.

ಹಾಯಿಯೂ ಹತ್ತಿಯೇ. ತೆಳುವಾದ ಕೋರಾ ಬಟ್ಟೆಗೆ ಚಹಾ ನೀರಿನ ಬಣ್ಣ, ಸ್ವಲ್ಪ ಗಂಜಿ. ಪಟ್ಟಿ ಪಟ್ಟಿ ಜೋಡಿಸಿ ಹೊಲಿಯುವುದನ್ನು ಅತ್ತಿಗೆ ವಹಿಸಿಕೊಂಡಿದ್ದಾರೆ. ಅವರ ಕೈಹೊಲಿಗೆ ಮಿಷಿನ್ನಿಗಿಂತ ಸಣ್ಣ.

ಹಾಯಿ ಹೊರುವ ಕೂವೆಕಂಬಗಳು ಎರಡೂ ಮುಂದಕ್ಕೆ ವಾಲಿವೆ. ವಾಲಿರಲೇಬೇಕು. ಮುಕ್ಕೋನ ಹಾಯಿ ಕಟ್ಟುವ ಓರೆ ಮರ ಹಡಗಿನಷ್ಟೇ ಉದ್ದ ಅನ್ನಿಸುವಂಥದ್ದು. ಗಾಳಿಯ ಮಗ್ಗುಲು ಬದಲಾದಾಗ ಅದನ್ನು ನೆಟ್ಟಗೆ ನಿಲ್ಲಿಸಿ, ಕಂಬದ ಮುಂದಿನಿಂದ ಆಚೆ ಬದಿಗೆ ದಾಟಿಸಬೇಕು. ಕಂಬ ಮುಂದಕ್ಕೆ ವಾಲಿದ್ದರೆ ಅದಕ್ಕೆ ಜಾಗ ಸಿಗುತ್ತದೆ. ನನ್ನ ಮಾದರಿಯಲ್ಲೂ ಆ ಮರ ಹಾಗೇ ದಾಟುತ್ತದೆ, ದಾರ ಎಳೆದು ನೋಡಬಹುದು.

ಗೋವಾದ ಮುರ್ಮಗೋವಾ ಬಂದರಿನ ರೈಲು 1888ರಲ್ಲಿ ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಮುಟ್ಟಿದ ಮೇಲೆ ಹತ್ತಿ ಆ ದಾರಿ ಹಿಡಿಯಿತು, ಕುಮಟಾ ಸೊರಗಿತು. ಕಾರವಾರದ ಚಪಲ್ ಯುದ್ಧನೌಕೆ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ನಮ್ಮೂರಲ್ಲೂ ಇದ್ದಾರೆ. ಈ ಸರಕು ಹಡಗಿನ ಜನರ ಬದುಕೂ ಆ ಮಕ್ಕಳ ಕಣ್ಣಿಗೆ ಬೀಳಲಿ ಅಂತ ನನ್ನಾಸೆ. ಮುಗಿದ ಮೇಲೆ ಮಾದರಿ ಹತ್ತಿರದ ಶಾಲೆಗೆ ಹೋಗುತ್ತದೆ.

ಮುಂದಿನ ಕೆಲಸ ಡೆಕ್ಕಿನ ಮೇಲಿನದು: ಕುಡಿಯುವ ನೀರಿನ ಪೀಪಾಯಿ, ಲಂಗರು, ಮತ್ತೆ ಅಡುಗೆ ಒಲೆ. ಬೆಂಕಿ ಮರಕ್ಕೆ ತಗುಲದಂತೆ ಮರದ ಪೆಟ್ಟಿಗೆಗೆ ಮರಳು ತುಂಬಿ ಅದರ ಮೇಲೆ ಒಲೆ ಹೂಡುತ್ತಿದ್ದರು. ಮಾದರಿಯ ಅಳತೆಗೆ ಒಪ್ಪುವಷ್ಟು ನುಣುಪು ಮರಳಿಗಾಗಿ ಹರಿಹರದ ಹೊಳೆದಂಡೆಗೆ ಹೋಗಿ ಜರಡಿ ಹಿಡಿದು ತರಬೇಕು.