ಮೂಗಿನ ಕಡ್ಡಿ ಒಂದು ಕೂದಲಷ್ಟು ಎಡಕ್ಕೆ ಬಂದಿದೆ ಸ್ವಾಮಿ

ಪ್ಲಾಸ್ಟಿಕ್ ವಿಮಾನ ಜೋಡಿಸುವ ಹವ್ಯಾಸದವರಲ್ಲಿ ಒಂದು ಪಂಗಡ ಇದೆ. ಇವರು ಜೋಡಿಸುವುದು ಕಡಿಮೆ, ಅಳೆಯುವುದು ಜಾಸ್ತಿ. ಹೊಸ ಕಿಟ್ ಬಂತು ಅಂದರೆ ಮೊದಲು ಕೈಗೆ ಬರುವುದು ಗಮ್ ಅಲ್ಲ, ವರ್ನಿಯರ್ ಕ್ಯಾಲಿಪರ್. ಡಬ್ಬ ತೆರೆದು, ರೆಕ್ಕೆಯನ್ನು ಇನ್ನೂ ಅದರ ಚೌಕಟ್ಟಿನಿಂದ ಕತ್ತರಿಸಿಯೂ ಇರುವುದಿಲ್ಲ, ಈ ತುದಿಯಿಂದ ಆ ತುದಿಗೆ ಅಳೆದು, ಫೋನಿನಲ್ಲಿ 72ರಿಂದ ಗುಣಿಸಿ (ಕಿಟ್ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು, ಅಂದರೆ 1/72 ಅಳತೆ), ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಾರೆ: "4 ಸೆಂಟಿಮೀಟರ್ ಕಮ್ಮಿ ಇದೆ." ಅದು ನಿಜವಾದ ವಿಮಾನದ ಲೆಕ್ಕ. ಅವರ ಕೈಯಲ್ಲಿರುವ ತುಂಡಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ ಅಷ್ಟೇ.

ಇವರಿಗೆ ರಿವೆಟ್ ಕೌಂಟರ್ ಅಂತ ಹೆಸರು, ಅಂದರೆ ವಿಮಾನದ ತಗಡು ಜೋಡಿಸುವ ಮೊಳೆಗಳನ್ನೂ ಎಣಿಸಿ ನೋಡುವವರು. ಬೈಗುಳವೂ ಹೌದು, ಬಿರುದೂ ಹೌದು. ನಾನೂ ಇದೇ ಮಠದ ಜಗಲಿಯಲ್ಲಿ ಕೂತು ಬೆಳೆದವನು, ಹಾಗಾಗಿ ಒಳಗಿನ ಸುದ್ದಿ ಸ್ವಲ್ಪ ಗೊತ್ತು.

ರಿವೆಟ್‌ನಿಂದಲೇ ಶುರು ಮಾಡೋಣ. 5 ಮಿ.ಮೀ. ತಲೆಯ ಒಂದು ರಿವೆಟ್ಟನ್ನು 1/72 ಅಳತೆಗೆ ಇಳಿಸಿದರೆ 0.07 ಮಿ.ಮೀ. ಆಗುತ್ತದೆ. ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. ಅಂದರೆ ಅಳತೆ ಸರಿಯಾಗಿರುವ ರಿವೆಟ್ ಕಣ್ಣಿಗೇ ಕಾಣುವುದಿಲ್ಲ, ಕಂಡರೂ ಬಣ್ಣ ಹಾಕಿದ ಮೇಲೆ ಮುಚ್ಚಿಹೋಗುತ್ತದೆ. ಅದಕ್ಕೇ ಕಂಪನಿಯವರು ಕಾಣುವಷ್ಟು ದಪ್ಪಕ್ಕೆ ಕೊರೆಯುತ್ತಾರೆ. ತಗಡಿಗೆ ತಗಡು ಸೇರುವ ಗೆರೆಗಳ ಕಥೆಯೂ ಅದೇ. ಮಾಡೆಲ್ ಮೇಲೆ 0.2 ಮಿ.ಮೀ. ಗೆರೆ ಬಹಳ ನಾಜೂಕಾಗಿ ಕಾಣುತ್ತದೆ. ಅದನ್ನೇ 72ರಿಂದ ಗುಣಿಸಿ ನೋಡಿ, 14 ಮಿ.ಮೀ. ದಾಟುತ್ತದೆ. ಬೆರಳು ತೂರುವಷ್ಟು ಸಂದಿ ಇರುವ ವಿಮಾನ ಹತ್ತುವ ಪೈಲಟ್ ಯಾರು? ಆದರೂ ಗೆರೆ ಇಲ್ಲದ ಕಿಟ್ ಬಂದರೆ "ಡೀಟೇಲೇ ಇಲ್ಲ" ಅಂತ ಗೋಳು. ಗೆರೆ ಇದ್ದು ಒಂದು ಕೂದಲಷ್ಟು ಹಿಂದೆ ಮುಂದೆ ಆಗಿದ್ದರೆ ಇನ್ನೂ ದೊಡ್ಡ ಗೋಳು. ಬೆರಳಗಲ ಇದ್ದರೂ ಪರವಾಗಿಲ್ಲ, ಜಾಗ ಮಾತ್ರ ತಪ್ಪಬಾರದು.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಪಿ-51 ಮಸ್ಟಾಂಗ್. ಎರಡನೇ ಮಹಾಯುದ್ಧದ ಈ ಫೈಟರ್‌ನ ರೆಕ್ಕೆಯ ಮೇಲೆ ಗಾಳಿ ಅಡ್ಡಿಯಿಲ್ಲದೆ ಜಾರಬೇಕಿತ್ತು. ಅದಕ್ಕೆ ಕಾರ್ಖಾನೆಯಲ್ಲೇ ರೆಕ್ಕೆಯ ರಿವೆಟ್‌ಗಳಿಗೂ ಸಂದಿಗಳಿಗೂ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಈಗ ಏನಾಗುತ್ತದೆ ನೋಡಿ. ರಿವೆಟ್ ಕೇಳುತ್ತಾರಲ್ಲ ಅಂತ ಕಿಟ್ ಮಾಡುವವರು ಕಷ್ಟಪಟ್ಟು ರೆಕ್ಕೆ ತುಂಬಾ ಚುಕ್ಕಿ ಕೊರೆದು ಕೊಡುತ್ತಾರೆ. ನಮ್ಮವನು ಅದನ್ನು ದುಡ್ಡು ಕೊಟ್ಟು ತಂದು, ಭೂತಗನ್ನಡಿ ಹಾಕಿಕೊಂಡು, ರಾತ್ರಿಯೆಲ್ಲ ಕೂತು ಒಂದೊಂದಕ್ಕೂ ಪುಟ್ಟಿ ತುಂಬಿ ಉಜ್ಜುತ್ತಾನೆ. ಬೆಳಗ್ಗೆ ರೆಕ್ಕೆ ನುಣ್ಣಗೆ, ಮಗುವಿಗೆ ಕೊಡುವ ಆಟದ ಸಾಮಾನಿನಂತೆ ಕಾಣುತ್ತದೆ. ಇವನ ಮುಖದಲ್ಲಿ ಮಾತ್ರ ಪುಣ್ಯ ಬಂದ ಕಳೆ.

ಬಣ್ಣದ ವಿಷಯಕ್ಕೆ ಬಂದರೆ ಸ್ನೇಹಗಳೇ ಮುರಿದಿವೆ. ಅದರಲ್ಲೂ ಜರ್ಮನ್ ಯುದ್ಧವಿಮಾನಗಳ ಬಣ್ಣ. ಅವರ ವಾಯುಯಾನ ಸಚಿವಾಲಯ ಪ್ರತಿ ಬಣ್ಣಕ್ಕೂ ನಂಬರ್ ಕೊಟ್ಟಿತ್ತು, ಆರ್‌ಎಲ್‌ಎಂ 74, 75, 76 ಅಂತ. ನಂಬರ್ ಇದೆ ಅಂದ ಮೇಲೆ ಜಗಳ ಇರಬಾರದು ಅಲ್ವಾ? ಇರುವುದೇ ಅಲ್ಲಿ. 74 ಬೂದು ಬಣ್ಣ, ಸರಿ, ಆದರೆ ಅದರಲ್ಲಿ ಹಸಿರು ಎಷ್ಟು? ಯುದ್ಧದ ಕೊನೆಗೆ ಬಂದ 81, 82, 83ರ ಬಗ್ಗೆಯಂತೂ ದಶಕಗಳಿಂದ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿಲ್ಲ. ಸಾಕ್ಷಿಗೆ ಏನು ತೋರಿಸುತ್ತಾರೆ? ಕಪ್ಪು ಬಿಳುಪು ಫೋಟೋ! ಅದನ್ನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, "ಈ ಬೂದು ಬಣ್ಣದಲ್ಲಿ ಹಸಿರು ಕಾಣುತ್ತಿಲ್ವಾ ನಿಮಗೆ?" ಅಂತ ಕೇಳುತ್ತಾರೆ. ಕಾಣುತ್ತಿಲ್ಲ ಸ್ವಾಮಿ, ನನ್ನ ಕಣ್ಣು ಇನ್ನೂ ನೆಟ್ಟಗಿದೆ.

ಆ ಕಾಲದ ಕಾರ್ಖಾನೆಗಳ ಸ್ಥಿತಿ ನೆನೆಸಿಕೊಂಡರೆ ನಗು ಇನ್ನೂ ಜಾಸ್ತಿಯಾಗುತ್ತದೆ. 1944ರ ಹೊತ್ತಿಗೆ ಮೇಲಿಂದ ಬಾಂಬು ಬೀಳುತ್ತಿತ್ತು. ಕೆಲಸ ಹತ್ತಾರು ಊರುಗಳಿಗೆ ಚೆದುರಿಹೋಗಿತ್ತು. ರೆಕ್ಕೆ ಒಂದು ಕಡೆ, ಮೈ ಇನ್ನೊಂದು ಕಡೆ, ಬಾಲ ಮತ್ತೊಂದು ಕಡೆ ತಯಾರಾಗಿ, ಅಲ್ಲಲ್ಲೇ ಬಣ್ಣ ಹೊಡೆಸಿಕೊಂಡು ಬಂದು ಜೋಡಣೆಯಾಗುತ್ತಿದ್ದವು. ಒಂದರ ಬಣ್ಣ ಇನ್ನೊಂದಕ್ಕೆ ಹೊಂದಿಕೆ ಆಗದ ವಿಮಾನಗಳು ಬೇಕಾದಷ್ಟು ಹಾರಿವೆ. ಕೆಲವಕ್ಕೆ ರೆಕ್ಕೆಯ ಕೆಳಗೆ ಬಣ್ಣವೇ ಇರಲಿಲ್ಲ, ಬರೀ ತಗಡು. ಅಂಥ ವಿಮಾನವನ್ನು ಇದ್ದಹಾಗೇ ಕುಗ್ಗಿಸಿ ಸ್ಪರ್ಧೆಯ ಮೇಜಿನ ಮೇಲಿಟ್ಟರೆ ಟಾರ್ಚ್ ಹಿಡಿದು ಬರುವ ಜಡ್ಜ್ "ಫಿನಿಶಿಂಗ್ ಸರಿ ಇಲ್ಲ" ಅಂತ ಮಾರ್ಕ್ಸ್ ಕಳೆಯುವುದು ಗ್ಯಾರಂಟಿ.

ಈ ಜರ್ಮನ್ ಗಲಾಟೆಯ ದೊಡ್ಡ ಪಾಲು ಫೋಕೆವುಲ್ಫ್ 190 ಅನ್ನುವ ವಿಮಾನದ್ದು. ಅದರ ಗಾಜಿನ ಮುಚ್ಚಳ ಹಿಂದಕ್ಕೆ ಜಾರಿಸಿದಾಗ ಬದಿಗಳು ಸ್ವಲ್ಪ ಒಳಕ್ಕೆ ಕಿರಿದಾಗುತ್ತಿದ್ದವು. ಯಾಕೆಂದರೆ ಹಿಂದೆ ಹೋದ ಹಾಗೆ ಮೈ ಸಣ್ಣದಾಗುತ್ತದೆ. ಕಿಟ್‌ನಲ್ಲಿ ಒಂದೇ ಮುಚ್ಚಳ ಕೊಟ್ಟರೆ ತೆರೆದಿಟ್ಟಾಗ ಅದು ತಪ್ಪು. ಚಕ್ರದ ಕಾಲುಗಳು ಮುಂದಕ್ಕೆ ಬಾಗಿರಬೇಕು, ಎಷ್ಟು ಅನ್ನುವುದಕ್ಕೆ ಜನ ಕೋನಮಾಪಕ ಹಿಡಿದು ಕೂತಿದ್ದಾರೆ, ಹೆಣ್ಣಿನ ಕಡೆಯವರು ಜಾತಕ ಹಿಡಿದು ಕೂತ ಹಾಗೆ. ಇಷ್ಟಕ್ಕೂ ಆ ವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನಮ್ಮ ಬೆಂಗಳೂರಿನಲ್ಲೇ ಇದ್ದವರು! 1956ರಲ್ಲಿ ಬಂದು ಎಚ್‌ಎಎಲ್‌ಗೆ ಎಚ್‌ಎಫ್-24 ಮಾರುತ್ ಅನ್ನುವ ಜೆಟ್ ಯುದ್ಧವಿಮಾನದ ವಿನ್ಯಾಸ ಮಾಡಿದರು. ಅದು ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಫೋಕೆವುಲ್ಫ್‌ನ ಒಂದೊಂದು ಸ್ಕ್ರೂಗೂ ಪುಸ್ತಕ ಇದೆ, ಮಾರುತ್‌ನ ಒಳ್ಳೆಯ ಕಿಟ್ ಬೇಕು ಅಂದರೆ ದೇವರೇ ಗತಿ.

ಆದರೂ ನಮ್ಮ ಗುಂಪಿನ ಒಬ್ಬ ಮಾರುತ್ ಮಾಡಲು ಹೊರಟ. ಆಧಾರಕ್ಕೆ ಫೋಟೋ ಬೇಕು ಅಂತ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋದೆವು. ಬೇರೆಯವರು ವಿಮಾನದ ಮುಂದೆ ನಿಂತು ಸೆಲ್ಫಿ ತಗೊಳ್ಳುತ್ತಿದ್ದರೆ ಇವನು ಹೊಟ್ಟೆಯ ಕೆಳಗೆ ಬಗ್ಗಿ, ಕತ್ತು ಮೇಲಕ್ಕೆ ತಿರುಚಿ, ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ ಫೋನ್ ತೂರಿಸಿದ್ದ. ಸೆಕ್ಯೂರಿಟಿಯವರು ಬಂದು ಸ್ವಲ್ಪ ಹೊತ್ತು ನೋಡಿ, "ಏನ್ ಸಾರ್, ಕೀ ಬಿದ್ದೋಯ್ತಾ?" ಅಂದರು. ಹಾಗೆ ತೆಗೆದ ಫೋಟೋಗಳಲ್ಲಿ ಕಂಡದ್ದು ಒಂದಿಷ್ಟು ಪೈಪು, ಜೇಡರ ಬಲೆ, ಮತ್ತೆ ಯಾವುದೋ ಕಾಲದಲ್ಲಿ ಹೊಡೆದ ಬಣ್ಣ. ಬಿಸಿಲು ಮಳೆಗೆ ನಿಲ್ಲಿಸಿದ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಹೊಡೆಯಲೇಬೇಕು, ಅದು ಹಾರುವಾಗಿನ ಬಣ್ಣ ಆಗಿರಬೇಕು ಅಂತೇನೂ ಇಲ್ಲ. ಅವನಿಗೆ ಇದನ್ನೆಲ್ಲ ಹೇಳಿದರೆ ಕೇಳಬೇಕಲ್ಲ. ಮನೆಗೆ ಬಂದು ಅದೇ ಬಣ್ಣ ಬೆರೆಸಲು ಕೂತ. ಜೇಡರ ಬಲೆ ಮಾತ್ರ ಬಿಟ್ಟ.

ಇನ್ನೊಂದು ತಮಾಷೆ ಅಂದರೆ ಈ ನಿಖರತೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಉದ್ದ ಸರಿ ಇರಬೇಕು, ಬಣ್ಣ ಸರಿ ಇರಬೇಕು. ತೂಕ? 4 ಟನ್ ತೂಗುವ ವಿಮಾನವನ್ನು 1/72ಕ್ಕೆ ಇಳಿಸಿದರೆ, ಉದ್ದ ಅಗಲ ಎತ್ತರ ಮೂರೂ ಇಳಿಯುವುದರಿಂದ, ತೂಕ 11 ಗ್ರಾಂ ಕೂಡ ಆಗುವುದಿಲ್ಲ. ಅದನ್ನು ಯಾರೂ ತಕ್ಕಡಿಗೆ ಹಾಕಿದ್ದು ನಾನು ನೋಡಿಲ್ಲ. ಮೂಗಿನ ಕೆಳಗೆ ಚಕ್ರ ಇರುವ ಜೆಟ್‌ಗಳಲ್ಲಂತೂ ಮಾಡೆಲ್ ಬಾಲದ ಮೇಲೆ ಕುಕ್ಕರಿಸದಿರಲಿ ಅಂತ ಮೂಗಿನೊಳಗೆ ಸೀಸದ ಚೂರು, ನಟ್ಟು ಬೋಲ್ಟು, ಮೀನಿನ ಗಾಳದ ಗುಂಡು ಏನು ಸಿಕ್ಕರೆ ಅದನ್ನು ತುರುಕುತ್ತಾರೆ. ಕಾಕ್‌ಪಿಟ್‌ನಲ್ಲಿ ಸೀಟ್ ಬೆಲ್ಟಿನ ಬಕಲ್ ಸಮೇತ ಇರುತ್ತದೆ, ಅದರ ಮುಂದೆಯೇ ಹಾರ್ಡ್‌ವೇರ್ ಅಂಗಡಿಯ ನಟ್ಟು.

ಅಳತೆ ಅಂದರೆ ಪವಿತ್ರ ಅನ್ನುವವರಿಗೆ ನಾನು ಜಪಾನಿನ ತಮಿಯಾ ಕಂಪನಿಯ ಕಥೆ ಹೇಳುತ್ತೇನೆ. 1960ರ ದಶಕದ ಆರಂಭದಲ್ಲಿ ಅವರು ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮೋಟಾರ್ ಇರುವ ಮಾಡೆಲ್ ಮಾಡಿದರು. ಒಳಗೆ ಎರಡು ಬ್ಯಾಟರಿ ಸೆಲ್ ಹಿಡಿಸಬೇಕಿತ್ತು. ಸೆಲ್ ಹಿಡಿಸುವಷ್ಟು ಅಗಲಕ್ಕೆ ಟ್ಯಾಂಕ್ ಮಾಡಿ, ಆಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 1/35 ಬಂತು. ಇವತ್ತು ಜಗತ್ತಿನಲ್ಲಿ ಮಿಲಿಟರಿ ಟ್ಯಾಂಕ್ ಕಿಟ್‌ಗಳ ಮುಖ್ಯ ಅಳತೆ ಅದೇ. ಟೈಗರ್ ಟ್ಯಾಂಕಿನ ಒಂದು ಬೋಲ್ಟ್ ಯಾವ ತಿಂಗಳಲ್ಲಿ ಬದಲಾಯಿತು ಅಂತ ಪುಟಗಟ್ಟಲೆ ಬರೆಯುವವರು ಕೆಲಸ ಮಾಡುತ್ತಿರುವುದು ಟಾರ್ಚ್ ಸೆಲ್ಲಿನ ಸೈಜಿನ ಮೇಲೆ. ಬ್ರಿಟನ್ನಿನ ರೈಲು ಮಾಡೆಲ್‌ನವರದ್ದು ಇನ್ನೂ ಮಜಾ. ಅಲ್ಲಿ ಎಲ್ಲರೂ ಬಳಸುವ ಓಓ ಗೇಜ್‌ನಲ್ಲಿ ಬೋಗಿ 1/76, ಹಳಿಗಳ ನಡುವೆ 16.5 ಮಿ.ಮೀ. ಲೆಕ್ಕದ ಪ್ರಕಾರ 18.83 ಇರಬೇಕು. ಈ ಎರಡೂ ಚಿಲ್ಲರೆ ಮಿಲಿಮೀಟರ್ ಸಹಿಸಲಾಗದೆ ಒಂದಷ್ಟು ಜನ ತಮ್ಮದೇ 18.83ರ ಪಂಥ ಕಟ್ಟಿಕೊಂಡು, ಪ್ರತಿ ಎಂಜಿನ್ನಿನ ಚಕ್ರ ಕಿತ್ತು ಬೇರೆ ಹಾಕಿ, ಹಳಿಯನ್ನೂ ಕೈಯಲ್ಲೇ ಮಾಡಿಕೊಳ್ಳುತ್ತಾರೆ. ಅವರ ರೈಲು ಪ್ಲಾಟ್‌ಫಾರಂ ಬಿಡಲು ವರ್ಷಗಳೇ ಬೇಕು. ಅದರಲ್ಲಿ ಮಾತ್ರ ನಿಜವಾದ ರೈಲಿನ ಹಾಗೇ.

ನಮ್ಮ ರಿವೆಟ್ ಎಣಿಸುವವರ ಮರ್ಯಾದೆ ಪೂರ್ತಿ ಹೋಗಲು ಶುರುವಾದದ್ದು 1986ರಲ್ಲಿ. ಅಮೆರಿಕದ ಟೆಸ್ಟರ್ಸ್ ಕಂಪನಿ ಎಫ್-19 ಅನ್ನುವ ಗುಪ್ತ ಸ್ಟೆಲ್ತ್ ವಿಮಾನದ, ಅಂದರೆ ರೇಡಾರ್‌ಗೆ ಸುಲಭವಾಗಿ ಸಿಗದ ವಿಮಾನದ, ಕಿಟ್ ತಂದಿತು. ಭರ್ಜರಿ ಮಾರಾಟ, ಪತ್ರಿಕೆಗಳಲ್ಲಿ ಸುದ್ದಿ, ರಹಸ್ಯ ಹೇಗೆ ಹೊರಬಿತ್ತು ಅಂತ ಅಲ್ಲಿನ ಸಂಸತ್ತಿನಲ್ಲೂ ಮಾತು. 1988ರ ನವೆಂಬರ್‌ನಲ್ಲಿ ಸರ್ಕಾರ ನಿಜವಾದ ಸ್ಟೆಲ್ತ್ ವಿಮಾನದ ಚಿತ್ರ ತೋರಿಸಿತು. ಅದರ ಹೆಸರು ಎಫ್-117, ಮೈಯೆಲ್ಲ ಚಪ್ಪಟೆ ಚಪ್ಪಟೆ ಮುಖಗಳು. ಕಿಟ್‌ನದ್ದು ನುಣ್ಣನೆಯ ಉಬ್ಬು ತಿರುವು. ಒಂದಕ್ಕೊಂದು ಸಂಬಂಧವೇ ಇಲ್ಲ. ಎಫ್-19 ಅನ್ನುವ ವಿಮಾನವೇ ಇರಲಿಲ್ಲ! ಇಲ್ಲದ ವಿಮಾನಕ್ಕೆ ಯಾವ ಕಪ್ಪು ಸರಿ ಅಂತ ಆ ಎರಡು ವರ್ಷ ಎಷ್ಟು ಚರ್ಚೆ ನಡೆದಿರಬಹುದು, ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ನಮ್ಮಲ್ಲಿ ಈ ಜ್ವರ ಏರುವುದು ಮಿಗ್-21ಕ್ಕೆ. ಸಹಜವೇ ಬಿಡಿ. 1963ರಿಂದ ನಮ್ಮ ವಾಯುಪಡೆಯಲ್ಲಿ ಇದ್ದು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ವಿಮಾನ, ಎಲ್ಲರಿಗೂ ಒಂದು ಪ್ರೀತಿ. ಆದರೆ "ಮಿಗ್-21 ಮಾಡುತ್ತಿದ್ದೇನೆ" ಅಂತ ಹೇಳಿ ಸುಮ್ನೆ ಇರುವಂತಿಲ್ಲ. ಅದರಲ್ಲಿ ಯಾವ ಮಾದರಿ? ಎಫ್‌ಎಲ್ಲಾ, ಎಂ ಆ, ಬಿಸ್ಸಾ, ಬೈಸನ್ನಾ? ಬೆನ್ನಿನ ಉಬ್ಬು ಬೇರೆ ಬೇರೆ. ಮೂಗಿನ ತುದಿಯಲ್ಲಿ ವೇಗ ಅಳೆಯುವ ಉದ್ದನೆಯ ಕಡ್ಡಿ ಇದೆಯಲ್ಲ, ಪಿಟೋ ಅಂತ, ಅದು ಎಫ್‌ಎಲ್‌ನಲ್ಲಿ ಮೇಲೆ ನಟ್ಟನಡುವೆ, ಆಮೇಲಿನವುಗಳಲ್ಲಿ ಸ್ವಲ್ಪ ಬಲಕ್ಕೆ. ನಮ್ಮ ಗುಂಪಿನವನೊಬ್ಬ ಕಿಟ್‌ನ ಪ್ಲಾಸ್ಟಿಕ್ ಕಡ್ಡಿ ದಪ್ಪ ಆಯಿತು ಅಂತ ಬಿಸಾಕಿ, ಇಂಜೆಕ್ಷನ್ ಸೂಜಿಯೊಳಗೆ ಅದಕ್ಕಿಂತ ಸಣ್ಣ ಸೂಜಿ ತೂರಿಸಿ, ಚಿಮುಟದಲ್ಲಿ ಹಿಡಿದು, ಉಸಿರು ಕಟ್ಟಿ ಅಂಟಿಸಿದ್ದ. ಅಂಟು ಒಣಗುವವರೆಗೆ ಮನೆಯಲ್ಲಿ ಫ್ಯಾನ್ ಬಂದ್. ಮಾರನೇ ದಿನ ಎಲ್ಲರ ಎದುರು ಇಟ್ಟ. ಮೊದಲ ಮಾತು ಬಂದದ್ದು, "ಒಂದು ಕೂದಲಷ್ಟು ಎಡಕ್ಕೆ ಬಂದಿದೆ ಅನ್ನಿಸಲ್ವಾ?" ಅಲ್ಲಿಂದ ಕಾಫಿ ಆರುವವರೆಗೆ ಅದೇ ಮಾತು.

ಗುಂಪಿನವನೊಬ್ಬನ ಮಾವ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು, ಈ ವಿಮಾನಗಳ ಕೆಳಗೇ ಆಯಸ್ಸು ಕಳೆದವರು. ಅವರಿಗೆ ತೋರಿಸಿದರೆ ತೀರ್ಪು ಸಿಗುತ್ತದೆ ಅಂತ ಕರೆದುಕೊಂಡು ಬಂದರು. ಅವರು ಕನ್ನಡಕ ಒರೆಸಿ, ಬಗ್ಗಿ, ಎಲ್ಲ ಕಡೆಯಿಂದ ನೋಡಿದರು. ಯಾರೂ ಉಸಿರೆತ್ತಲಿಲ್ಲ. "ಚೆನ್ನಾಗಿದೆ ಕಣಪ್ಪಾ. ಆದ್ರೆ ಕವರ್ ಎಲ್ಲಿ? ವಿಮಾನ ನಿಂತಿದ್ದಾಗ ಇದಕ್ಕೆ ಕೆಂಪು ಕವರ್ ಹಾಕಿರ್ತೀವಿ. ಕಡ್ಡಿ ಹೀಗೆ ಬರಿಮೈಯಲ್ಲಿ ಬಿಟ್ರೆ ನಮ್ಮ ಸಾರ್ಜೆಂಟ್ ಸುಮ್ನೆ ಬಿಡ್ತಿದ್ರಾ? ಚಕ್ರಕ್ಕೆ ಅಡ್ಡ ಕೊಟ್ಟಿಲ್ಲ ಬೇರೆ, ಹೀಗೇ ಉರುಳಿ ಹೋಗುತ್ತೆ." ಸೂಜಿಯೊಳಗಿನ ಸೂಜಿಯಾಗಲಿ, ಎಡಬಲದ ಕೂದಲಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಕವರ್ ಹಾಕಿದ್ದರೆ ಆ ಕಡ್ಡಿ ನಮಗೂ ಕಾಣುತ್ತಿರಲಿಲ್ಲ.

ನಾನು ಜೋರಾಗಿ ನಕ್ಕೆ. ಬೇರೆ ಯಾರೂ ನಗಲಿಲ್ಲ. ಮಾಡೆಲ್ ಮಾಡಿದವನು ಆಗಲೇ ಪುಸ್ತಕ ತೆಗೆದು ಪೆನ್ನು ಹಿಡಿದಿದ್ದ. "ಕೆಂಪು ಅಂದ್ರಲ್ಲ ಅಂಕಲ್, ಹೊಸ ಕವರ್ ಕೆಂಪಾ, ಬಿಸಿಲಿಗೆ ಬಣ್ಣ ಹೋಗಿರುವ ಕೆಂಪಾ?"