ಬೋರಿಂಪೇಟೆ ಅನ್ನೋ ಒಂದು ಪದ, ಐದಂಕಿಯ ಒಂದು ನಂಬರ್

ನನ್ನ ತಮ್ಮ ಎರಡು ವರ್ಷ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕೆಲಸಕ್ಕಿದ್ದ. ಅವನು ಬಾಡಿಗೆಗಿದ್ದ ಮನೆಯ ಓನರ್ ಅರವತ್ತು ದಾಟಿದ ಒಬ್ಬ ಹೆಂಗಸು, ಅವನು ಅವರನ್ನ ಅಕ್ಕ ಅಂತಾನೇ ಕರೀತಿದ್ದ, ಈಗ ನಾನೂ ಹಾಗೇ ಕರಿಯೋದು. ಒಂದಿನ ಊಟ ಮಾಡ್ತಾ ಅವರು ಇವನ್ನ ಕೇಳಿದ್ರಂತೆ, "ಬೋರಿಂಪೇಟ್ ಅಂದ್ರೆ ನಿಮ್ ಭಾಷೇಲಿ ಏನಪ್ಪಾ ಅರ್ಥ?" ಅಂತ. ಅವರಜ್ಜಿ ಚಿಕ್ಕ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ನಮ್ಮಪ್ಪ ಬೋರಿಂಪೇಟ್, ನಮ್ಮಪ್ಪ ಬೋರಿಂಪೇಟ್ ಅಂತಿದ್ರಂತೆ. ಮನೆಯವರೆಲ್ಲ ಅದು ಕೂಲಿಗೆ ಕರ್ಕೊಂಡು ಬಂದ ಬಿಳಿಯ ಯಾರದೋ ಹೆಸರು ಅಂದ್ಕೊಂಡಿದ್ರು. ನನ್ನ ತಮ್ಮ ಊಟ ಅಲ್ಲೇ ಬಿಟ್ಟು ನಂಗೆ ಫೋನ್ ಮಾಡ್ದ. ಯಾಕಂದ್ರೆ ನಮ್ಮೂರು ಬಂಗಾರಪೇಟೆ, ನಮ್ಮಜ್ಜಿ ಸಾಯೋವರೆಗೂ ಬಂಗಾರಪೇಟೆ ಅಂದೋರೇ ಅಲ್ಲ, "ಬೋರಿಂಪೇಟೆ ಟೇಸನ್ನು" ಅಂತಾನೇ ಅಂತಿದ್ರು.

ಗೊತ್ತಿಲ್ದೋರಿಗೆ ಹೇಳ್ತೀನಿ, ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರ ತನಕ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಅನ್ನೋನ ಹೆಸರದು. ಬೆಂಗಳೂರು ಕಂಟೋನ್ಮೆಂಟಿಂದ ಜೋಲಾರಪೇಟೆಗೆ ರೈಲು ಬಂದಿದ್ದು 1864ರಲ್ಲಿ, ಅದೇ ಲೈನಲ್ಲಿ ನಮ್ಮೂರು. ಅಂದ್ರೆ ಅಕ್ಕನ ಮುತ್ತಾತ ಈ ಹೆಸರು ಹೇಳ್ತಿದ್ದ ಅಂದ್ರೆ ಆ ಹೆಸರು ಬಂದ್ಮೇಲೆ, ಬಹುಶಃ ಅದೇ ಸ್ಟೇಷನ್ನಲ್ಲಿ ರೈಲು ಹತ್ತಿ ಮದರಾಸಿಗೆ ಹೋದೋನು. ಒಂದೇ ಒಂದು ಪದದಿಂದ ಇಷ್ಟು ಸಿಕ್ತು. ಆವತ್ತಿಂದ ಹದಿನಾಲ್ಕು ತಿಂಗಳು ನಾನು ಇದರಲ್ಲೇ ಮುಳುಗಿದೀನಿ, ಮನೇಲಿ ಎಲ್ರೂ ಬೈದು ಬೈದು ಈಗ ಸುಮ್ನಾಗಿದಾರೆ.

ನೇಟಾಲ್‌ಗೆ, ಅಂದ್ರೆ ಇವತ್ತು ಡರ್ಬನ್ ಇರೋ ಕಡೆಗೆ, ಕರಾರಿನ ಕೂಲಿಗಳ ಮೊದಲ ಹಡಗು ಟ್ರೂರೋ ಮದರಾಸಿಂದ ಹೊರಟು 1860ರ ನವೆಂಬರ್ 16ಕ್ಕೆ ಮುಟ್ತು, ಅದರಲ್ಲಿ 342 ಜನ. 1866ಕ್ಕೆ ನಿಂತು 1874ರಲ್ಲಿ ಮತ್ತೆ ಶುರುವಾಗಿ 1911ರ ಜುಲೈನಲ್ಲಿ ಉಮ್ಲಾಜಿ ಅನ್ನೋ ಹಡಗಿನ ಜೊತೆ ಮುಗೀತು. ಒಟ್ಟು 1,52,184 ಜನ, ಮೂರರಲ್ಲಿ ಎರಡು ಪಾಲು ಮದರಾಸಿಂದ ಹೋದೋರು, ಉಳಿದೋರು ಕಲ್ಕತ್ತಾದಿಂದ. ಇಷ್ಟು ಜನದಲ್ಲಿ ಒಬ್ಬೊಬ್ಬರಿಗೂ ಒಂದು ನಂಬರ್. ಅದನ್ನ ಕಾಲೋನಿಯಲ್ ನಂಬರ್ ಅಂತಾರೆ, ಟ್ರೂರೋದಲ್ಲಿ ಒಂದರಿಂದ ಶುರುವಾಗಿ ಕೊನೇ ಹಡಗಿನ ತನಕ ಒಂದೇ ಸಾಲಾಗಿ ಏರ್ತಾ ಹೋಗತ್ತೆ. ಹೆಸರು ತಪ್ಪಬಹುದು, ವಯಸ್ಸು ತಪ್ಪಬಹುದು, ಈ ನಂಬರ್ ಮಾತ್ರ ಆ ಮನುಷ್ಯನ ಹಿಂದೇನೇ ಇರತ್ತೆ, ಮದುವೆ ಕಾಗದದಲ್ಲಿ, ಮಕ್ಕಳು ಹುಟ್ಟಿದಾಗ ಬರೆಸಿದ ಕಾಗದದಲ್ಲಿ, ಸತ್ತಾಗಿನ ಕಾಗದದಲ್ಲಿ.

ಇದು ನಂಗೆ ಮೊದಲೇ ಗೊತ್ತಿದ್ರೆ ಮೂರು ತಿಂಗಳು ಉಳೀತಿತ್ತು. ನಾವು ಹೆಸರಿಂದ ಶುರು ಮಾಡಿದ್ವಿ. ಅಕ್ಕನ ಮನೇಲಿ ಮುತ್ತಾತನ ಹೆಸರು ಮುನಿಯಪ್ಪನ್ ಅಂತ ಹೇಳ್ತಿದ್ರು. ಹಡಗುಗಳಲ್ಲಿ ಹೋದೋರ ಪಟ್ಟಿ ನೋಡಿ ಟೈಪ್ ಮಾಡಿರೋ ಇಂಡೆಕ್ಸ್‌ನಲ್ಲಿ ಮುನಿಯಪ್ಪ, ಮುನಿಯನ್, ಮೂನಿಯಾ, ಮುನ್ನಪ್ಪನ್ ಹೀಗೆ ಎಷ್ಟಿದಾರೆ ಅಂದ್ರೆ ಎಣಿಸೋಕೇ ಆಗಲ್ಲ. ಅದರಲ್ಲಿ ಜಿಲ್ಲಾ ಕಾಲಂನಲ್ಲಿ ಮೈಸೂರ್ ಅಂತಿರೋ ಒಬ್ಬ ಸಿಕ್ಕ, ವಯಸ್ಸೂ ಹೊಂದ್ತು, ಇವನೇ ಅಂತ ಖುಷಿಪಟ್ಟು ಅವನ ಅಪ್ಪನ ಹೆಸರು, ಊರು ಎಲ್ಲ ಅಕ್ಕಂಗೆ ಕಳ್ಸಿಬಿಟ್ಟೆ. ಅವರು ಅಲ್ಲಿ ಮಕ್ಕಳು ಮೊಮ್ಮಕ್ಕಳಿಗೆಲ್ಲ ಹೇಳಿ, ದೇವರ ಮುಂದೆ ಆ ಹೆಸರು ಬರೆದಿಟ್ಟು ದೀಪ ಹಚ್ಚಿದ್ರಂತೆ. ಆಮೇಲೆ ಅಜ್ಜಿಯ ಮದುವೆ ಕಾಗದ ಒಬ್ಬ ಸೋದರಮಾವನ ಮನೆ ಟ್ರಂಕಿನಲ್ಲಿ ಸಿಕ್ತು, ಅದರಲ್ಲಿ ಹುಡುಗಿಯ ಅಪ್ಪನ ನಂಬರ್ ಐದಂಕಿದು, ನಾನು ಕಳ್ಸಿದ್ದ ಮನುಷ್ಯನ ನಂಬರ್ರೇ ಬೇರೆ. ಬೇರೆಯವರ ತಾತನನ್ನ ಇವರ ಮನೆಗೆ ಕೂರಿಸಿದ್ದೆ ನಾನು. ಅಕ್ಕ ಒಂದು ಮಾತೂ ಅನ್ನಲಿಲ್ಲ, ಆದ್ರೆ ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಅವತ್ತಿಂದ ನಂಬರ್ ಇಲ್ದೆ ಯಾರಿಗೂ ಇವರೇ ನಿಮ್ಮೋರು ಅಂತ ಹೇಳಲ್ಲ.

ನಂಬರ್ ಸಿಕ್ಕ ಮೇಲೂ ಇಂಡೆಕ್ಸ್‌ನಲ್ಲಿ ಆ ನಂಬರ್ ಎದುರಿಗೆ ಒಂದು ಹೆಂಗಸಿನ ಹೆಸರಿತ್ತು! ಟೈಪ್ ಮಾಡಿದೋರು ಒಂದು ಸಾಲು ಕೆಳಗೆ ಜಾರಿರಬೇಕು. ಇಂಡೆಕ್ಸ್ ಅನ್ನೋದು ದಾರಿ ತೋರ್ಸೋ ಕೈಮರ ಅಷ್ಟೇ, ಊರಲ್ಲ. ಯಾರೋ ಒಬ್ಬರು ಕಣ್ಣು ನೋಯಿಸ್ಕೊಂಡು ಲಕ್ಷಾಂತರ ಸಾಲು ಓದಿ ಟೈಪ್ ಮಾಡಿರೋದು ಅದು, ಅವರಿಗೆ ಎಷ್ಟು ಕೈ ಮುಗಿದ್ರೂ ಸಾಲದು, ಆದ್ರೆ ಮೂಲ ಹಾಳೆ ನೋಡ್ದೆ ನಂಬೋದು ಬೇಡ. ಅದಕ್ಕೆ ಅಕ್ಕನೇ ಹಳೇ ದಾಖಲೆ ಇಟ್ಟಿರೋ ಆರ್ಕೈವ್ಸ್‌ಗೆ ಹೋಗಿ, ಹಾಳೆಗಳ ಫೋಟೋ ಸುರುಳಿಯನ್ನ ದೊಡ್ಡದಾಗಿ ತೋರ್ಸೋ ಮೈಕ್ರೋಫಿಲಂ ರೀಡರ್ ಮುಂದೆ ಕೂತ್ರು. ಸುರುಳಿ ಹಾಕಿ ಕೈಯಲ್ಲಿ ಹಿಡಿ ತಿರುಗಿಸೋ ಮೆಷಿನ್, ಜೋರಾಗಿ ತಿರುಗಿಸಿದ್ರೆ ತಲೆ ಸುತ್ತತ್ತೆ, ನಿಧಾನ ಮಾಡಿದ್ರೆ ದಿನ ಸಾಲಲ್ಲ. ಎರಡನೇ ದಿನ ಮಧ್ಯಾಹ್ನ ನಂಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು.

ಆ ಫೋಟೋನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಕಪ್ಪು ಹಿನ್ನೆಲೆ ಮೇಲೆ ಬಿಳೀ ಅಕ್ಷರ, ಉದ್ದುದ್ದ ಗೀಚುಗಳು, ಬಲಗಡೆ ಅಂಚು ಹಾಳೆ ಮಡಚಿದ್ದಕ್ಕೋ ಏನೋ ಪೂರ್ತಿ ಕತ್ತಲು. ಸ್ಕ್ರೀನ್ ಮೇಲೆ ಅಕ್ಕನ ಬೆರಳಿನ ನೆರಳು ಬಿದ್ದಿದೆ, ಸರಿಯಾಗಿ ಆ ಸಾಲಿನ ಕೆಳಗೆ. ನಂಬರ್, ಹೆಸರು, ಅಪ್ಪನ ಹೆಸರು, ವಯಸ್ಸು 22, ಗಂಡು, ಜಾತಿ, ಎತ್ತರ ಐದಡಿ ಮೂರಿಂಚು, ಮೈಮೇಲಿನ ಗುರುತು ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ, ಜಿಲ್ಲಾ, ತಾಲ್ಲೂಕು, ಊರು. ಗಾಯದ ಕಲೆ ಅಂತ ಓದಿದಾಗ ಅಕ್ಕ ಅಳೋಕೆ ಶುರು ಮಾಡಿದ್ರಂತೆ. ನಂಗೆ ಅರ್ಥ ಆಗತ್ತೆ. ಫೋಟೋ ಇಲ್ಲ, ಕಾಗದ ಇಲ್ಲ, ಮಾತಾಡಿದ್ದನ್ನ ಕೇಳಿದೋರೂ ಇಲ್ಲ, ಆದ್ರೆ ಆ ಹುಡುಗ ಯಾವಾಗಲೋ ದನ ಕಾಯೋವಾಗ ಬಿದ್ದೋ, ಕುಡುಗೋಲು ತಾಗಿಯೋ ಕಾಲಿಗೆ ಪೆಟ್ಟು ಮಾಡ್ಕೊಂಡಿದ್ದ ಅನ್ನೋದು ನೂರಮೂವತ್ತು ವರ್ಷ ಆದ್ಮೇಲೂ ಉಳ್ಕೊಂಡಿದೆ.

ಇನ್ನು ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿರೋ ವಿಷಯಕ್ಕೆ ಬರ್ತೀನಿ. ಡರ್ಬನ್‌ನಲ್ಲಿರೋ ಮನೆಯವರು ಊರಿನ ಕಾಲಂ ತನಕ ಚೆನ್ನಾಗೇ ಓದ್ಕೊಂಡು ಬರ್ತಾರೆ, ಅಲ್ಲಿ ಬಂದು ನಿಂತ್ಬಿಡ್ತಾರೆ. ಅಲ್ಲಿಂದ ಮುಂದೆ ಓದೋಕೆ ಈ ಕಡೆಯೋರೇ ಬೇಕು. ಅಕ್ಕನ ಸಾಲಿನಲ್ಲಿ ಊರಿನ ಹೆಸರು ಇಂಗ್ಲಿಷಲ್ಲಿ ಕೊಲ್ಲಪುಲ್ಲಿ ಅಂತ ಓದೋ ಹಾಗಿದೆ. ಮ್ಯಾಪಲ್ಲಿ ಹುಡುಕಿದ್ರೆ ಏನೂ ಸಿಗಲ್ಲ. ಆದ್ರೆ ಬಾಯಿಬಿಟ್ಟು ಜೋರಾಗಿ ಓದಿ ನೋಡಿ. ಹುಡುಗ ತನ್ನ ಊರು ಹೇಳ್ತಾನೆ, ಕೇಳಿಸ್ಕೊಂಡು ಬರೆಯೋ ಗುಮಾಸ್ತ ಮದರಾಸಿನವನು, ತಮಿಳಲ್ಲಿ ಕ ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಗೊಲ್ಲ ಅನ್ನೋದು ಕೊಲ್ಲ ಆಗೋದ್ರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕೋಲಾರದ ಕಡೆ ಒಂದೇ ಊರನ್ನ ಕನ್ನಡದೋರು ಹಳ್ಳಿ ಅಂತಾರೆ, ತೆಲುಗು ಮಾತಾಡೋರು ಪಲ್ಲಿ ಅಂತಾರೆ. ಕೊಲ್ಲಪುಲ್ಲಿ ಅಂದ್ರೆ ಗೊಲ್ಲಪಲ್ಲಿ, ಗೊಲ್ಲಪಲ್ಲಿ ಅಂದ್ರೆ ಗೊಲ್ಲಹಳ್ಳಿ. ಡರ್ಬನ್‌ನಲ್ಲಿ ಹುಟ್ಟಿ ಬೆಳೆದೋರಿಗೆ ಇದು ಹೇಗೆ ಹೊಳೀಬೇಕು ಹೇಳಿ. ನಮ್ಗೆ ಬಸ್ಸಿನ ಬೋರ್ಡ್ ನೋಡಿದ ಹಾಗೆ ಹೊಳೆಯತ್ತೆ.

ಹೆಸರುಗಳ ಕತೆಯೂ ಇದೇ. ವೆಂಕಟಪ್ಪ ವೆಂಗಡಪನ್ ಆಗಿರ್ತಾನೆ, ನಂಜಪ್ಪ ನುಂಜಪೆನ್ ಆಗಿರ್ತಾನೆ, ಕೊನೇಲಿರೋ ನ್ ತೆಗೆದು ಓದಿದ್ರೆ ನಮ್ಮ ಪಕ್ಕದ ಮನೆಯೋರು ಬಂದು ನಿಂತ ಹಾಗಾಗತ್ತೆ.

ಜಿಲ್ಲಾ ಕಾಲಂನಲ್ಲಿ ಮೈಸೂರ್ ಅಂತ ಇದ್ರೆ ಇವತ್ತಿನ ಮೈಸೂರು ಜಿಲ್ಲೆ ಅಂತ ತಿಳ್ಕೋಬಾರ್ದು, ಅದು ಇಡೀ ಮೈಸೂರು ಸಂಸ್ಥಾನ ಆಗಿರಬಹುದು, ಕೋಲಾರ, ತುಮಕೂರು, ಚಿತ್ರದುರ್ಗ ಎಲ್ಲ ಸೇರ್ಕೊಂಡು. ಡರ್ಬನ್‌ನ ಇನ್ನೊಂದು ಮನೆಯೋರು ಇದೇ ತಪ್ಪಿಂದ ಮೈಸೂರು ಸಿಟಿಗೆ ಬಂದು ಅರಮನೆ ನೋಡ್ಕೊಂಡು, ನಮ್ಮೋರು ಇಲ್ಲೇ ಎಲ್ಲೋ ಇದ್ರು ಅಂತ ಕಣ್ಣೀರು ಹಾಕಿ ವಾಪಸ್ ಹೋಗಿದಾರೆ. ತಾಲ್ಲೂಕಿನ ಹೆಸರುಗಳೂ ಹಾಗೇ. ಕ್ಲೋಸ್‌ಪೇಟೆ ಅಂದ್ರೆ ರಾಮನಗರ, ಫ್ರೆಂಚ್ ರಾಕ್ಸ್ ಅಂದ್ರೆ ಪಾಂಡವಪುರ. ಈ ಹೆಸರುಗಳು ನಮ್ಮ ಅಜ್ಜಂದಿರಿಗೆ ಬಾಯಲ್ಲೇ ಇದ್ವು, ನಮ್ಮ ಮಕ್ಕಳಿಗೆ ಹೇಳಿದ್ರೆ ಎಲ್ಲಿದೆ ಅಂತ ಕೇಳ್ತಾರೆ. ಇನ್ನು ಇಪ್ಪತ್ತು ವರ್ಷ ಹೋದ್ರೆ ಇದನ್ನ ಓದಿ ಹೇಳೋರು ಇಲ್ಲೂ ಇರಲ್ಲ ಅನ್ನೋದೇ ನನ್ನ ಹೆದರಿಕೆ.

ಜಾತಿ ಕಾಲಂ ಬಗ್ಗೆ ಅಲ್ಲಿಯೋರು ತುಂಬಾ ಕೇಳ್ತಾರೆ. ಹಡಗು ಹತ್ತೋ ಮುಂಚೆ ಕೂಲಿಗಳನ್ನ ಇಡ್ತಿದ್ದ ಡಿಪೋದಲ್ಲಿ ಗುಮಾಸ್ತ ಬರ್ಕೊಂಡಿದ್ದು ಅದು, ಕೆಲವರು ಸುಳ್ಳು ಹೇಳಿರ್ತಾರೆ, ಕೆಲವರದು ಅವನೇ ಬರೆದಿರ್ತಾನೆ. ನಾನು ಅದನ್ನ ಹಿಡ್ಕೊಂಡು ಹುಡುಕಲ್ಲ, ಯಾರಿಗೂ ಹಾಗೆ ಹುಡುಕಿ ಅಂತ ಹೇಳೋದೂ ಇಲ್ಲ.

ಯಾಕೆ ಹೋದ್ರು ಅಂತ ಪಟ್ಟಿ ಹೇಳಲ್ಲ. ಆದ್ರೆ ಅವನ ವಯಸ್ಸು ಲೆಕ್ಕ ಹಾಕಿದ್ರೆ 1876ರಿಂದ 78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಅವನು ಹತ್ತು ಹನ್ನೆರಡು ವರ್ಷದ ಹುಡುಗ. ಮೈಸೂರು ಸೀಮೆಯಲ್ಲಿ ಊರೂರೇ ಖಾಲಿಯಾದ ಬರ ಅದು, ಅದನ್ನ ದಾಟಿ ಬದುಕಿದ ಹುಡುಗ ಹತ್ತು ವರ್ಷ ಬಿಟ್ಟು ಹಡಗು ಹತ್ತಿದಾನೆ. ತಿಂಗಳಿಗೆ ಹತ್ತು ಶಿಲ್ಲಿಂಗ್ ಕೂಲಿ, ಐದು ವರ್ಷದ ಕರಾರು, ಕಬ್ಬಿನ ತೋಟ. ಅಕ್ಕ ಹೇಳ್ತಾರೆ, ಅವರಜ್ಜಿ ಮೆಕ್ಕೆಜೋಳದ ಹಿಟ್ಟಲ್ಲಿ ಗಟ್ಟಿಯಾಗಿ ತಿರುವಿ ಉಂಡೆ ಕಟ್ಟಿ ಕೊಡ್ತಿದ್ರಂತೆ, ಅದನ್ನ ಮನೇಲಿ ಮುದ್ದಾ ಅಂತ ಕರೀತಿದ್ರಂತೆ, ಡರ್ಬನ್‌ನಲ್ಲಿ ಪಕ್ಕದ ಮನೆಯ ಯಾರೂ ಹಾಗೆ ಕರೆಯಲ್ವಂತೆ. ರಾಗಿ ಸಿಗದ ಊರಲ್ಲಿ ಜೋಳದ ಹಿಟ್ಟಿಗೇ ಮುದ್ದೆ ಕಟ್ಟಿದಾರೆ.

ಫೋಟೋದಲ್ಲಿ ಇನ್ನೊಂದು ವಿಷಯ ಇತ್ತು, ಅದನ್ನ ನಾನು ಒಂದು ವಾರ ಬಿಟ್ಟು ಗಮನಿಸಿದ್ದು. ನಮ್ಮ ಮನುಷ್ಯನ ಹಿಂದಿನ ನಂಬರ್, ಅಂದ್ರೆ ಮೇಲಿನ ಸಾಲು. ಅಪ್ಪನ ಹೆಸರು ಅದೇ, ತಾಲ್ಲೂಕು ಅದೇ, ಊರು ಅದೇ ಕೊಲ್ಲಪುಲ್ಲಿ, ವಯಸ್ಸು 26. ಅಣ್ಣ! ಒಟ್ಟಿಗೆ ಹೋದೋರಿಗೆ ಸಾಲಾಗಿ ನಂಬರ್ ಸಿಗ್ತಿತ್ತು, ಅದಕ್ಕೇ ನಿಮ್ಮೋರ ಸಾಲು ಸಿಕ್ಕಿದ ತಕ್ಷಣ ಮೇಲೆ ಕೆಳಗೆ ಹತ್ತು ಹತ್ತು ಸಾಲು ಓದಿ, ಬಿಡ್ಬೇಡಿ. ಅಕ್ಕನ ಮನೇಲಿ ಇಂಥಾ ಒಬ್ಬ ಅಣ್ಣ ಇದ್ದ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಕತ್ತಲಾಗಿದ್ದ ಬಲಗಡೆ ಅಂಚಲ್ಲಿ ಷರಾ ಕಾಲಂ ಇತ್ತು, ಅಕ್ಕ ಇನ್ನೊಂದ್ಸಲ ಹೋಗಿ ರೀಡರ್‌ನ ಬೆಳಕು ಜಾಸ್ತಿ ಮಾಡಿ ಫೋಟೋ ತೆಗೆದ್ರು. ತಮ್ಮನ ಸಾಲಿನಲ್ಲಿ ಏನೂ ಇಲ್ಲ. ಅಣ್ಣನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ, ಇಂಡಿಯಾಕ್ಕೆ ವಾಪಸ್, ಒಂದು ಹಡಗಿನ ಹೆಸರು, ಒಂದು ವರ್ಷ. ಹತ್ತು ವರ್ಷ ಕಾಲೋನಿಯಲ್ಲಿ ಕಳೆದೋರಿಗೆ ಆಗ ವಾಪಸ್ ಹಡಗಿನ ಖರ್ಚು ಕೊಡ್ತಿದ್ರು, ಲೆಕ್ಕ ಸರಿಯಾಗಿ ಹೊಂದತ್ತೆ.

ಅಂದ್ರೆ ಒಬ್ಬ ಮನೆಗೆ ಬಂದಿದಾನೆ, ಒಬ್ಬ ಅಲ್ಲೇ ಉಳಿದಿದಾನೆ. ಅಣ್ಣ ಊರಿಗೆ ಬಂದು ಮದುವೆ ಮಾಡ್ಕೊಂಡಿದ್ರೆ ಅವನ ಮೊಮ್ಮಕ್ಕಳು ಮರಿಮಕ್ಕಳು ಇಲ್ಲೇ, ನಾನು ಹುಟ್ಟಿದ ಊರಿಂದ ಸೈಕಲ್‌ನಲ್ಲಿ ಹೋಗಿ ಬರೋ ದೂರದಲ್ಲಿ ಇರಬಹುದು.

ಹಳೇ ಬಂಗಾರಪೇಟೆ ತಾಲ್ಲೂಕಿನ ಗಡಿಯೊಳಗೆ, ಅಂದ್ರೆ ಈಗಿನ ಕೆಜಿಎಫ್ ತಾಲ್ಲೂಕೂ ಸೇರಿ, ನನ್ನ ಲೆಕ್ಕಕ್ಕೆ ಎರಡು ಊರು ಹೊಂದತ್ತೆ. ಹೆಸರು ಹಾಕಲ್ಲ, ಅಲ್ಲಿಯೋರನ್ನ ಕೇಳ್ದೆ ಹಾಕೋದು ಸರಿಯಲ್ಲ. ಮೊದಲನೇ ಊರಿಗೆ ಹೋದ ವಾರ ಹೋಗಿದ್ದೆ. ಅರಳಿಕಟ್ಟೆ ಹತ್ರ ಮೂರ್ನಾಲ್ಕು ಜನ ಹಿರಿಯರು ಕೂತಿದ್ರು, ಕಪ್ಪಲು, ಅಂದ್ರೆ ಹಡಗು, ಹತ್ತಿ ಹೋಗಿ ಬಂದೋರು ಯಾರಾದ್ರೂ ನಿಮ್ಮೂರಲ್ಲಿದ್ರಾ ಯಜಮಾನ್ರೇ ಅಂತ ಕೇಳ್ದೆ. ಕೆಜಿಎಫ್ ಗಣಿಗೆ ಹೋದೋರು ಮನೆಗೊಬ್ಬರಿದ್ರು, ಕಪ್ಪಲು ಗೊತ್ತಿಲ್ಲಪ್ಪ ಅಂದ್ರು. ಒಬ್ರು ಮಾತ್ರ ಸ್ವಲ್ಪ ಹೊತ್ತು ಸುಮ್ನಿದ್ದು, ಆ ಇನ್ನೊಂದು ಊರಲ್ಲಿ ಕೇಳು, ಅಲ್ಲಿ ನೀರಾಚೆಯೋರ ಮನೆ ಅಂತ ಒಂದಿತ್ತು ನಾನು ಚಿಕ್ಕೋನಿದ್ದಾಗ, ಯಾಕೆ ಹಾಗಂತಿದ್ರೋ ಗೊತ್ತಿಲ್ಲ ಅಂದ್ರು. ಕೆರೆ ಆಚೆ ಇರೋ ಮನೆ ಅಂತಲೂ ಇರಬಹುದು, ಏನೂ ಇಲ್ದೇನೂ ಇರಬಹುದು. ಅಕ್ಕಂಗೆ ಇದನ್ನ ಇನ್ನೂ ಹೇಳಿಲ್ಲ. ಅವರು ಜನವರಿಯಲ್ಲಿ ಬರ್ತಿದಾರೆ, ಅಷ್ಟರಲ್ಲಿ ರಾಗಿ ಕೊಯ್ಲು ಮುಗ್ದು ಜನ ಮನೇಲಿ ಸಿಗ್ತಾರೆ, ಆಗ ಆ ಊರಿಗೆ ಹೋಗಿ ನಂಬರ್, ಅಪ್ಪನ ಹೆಸರು, ವರ್ಷ ಮೂರನ್ನೂ ಮುಂದಿಟ್ಕೊಂಡು ಕೇಳ್ಬೇಕು.